ಏಳನೆಯ ಪ್ರಶ್ನೆಯ ಮಾದರಿ ಉತ್ತರದವರ ಸನ್ನಿಧಿಗೆ

ಬೈಲಹೊಂಗಲ, ೧೧ ಜನವರಿ ೧೯೭೪, ಶುಕ್ರವಾರ, ಮಧ್ಯಾಹ್ನ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರಿನ ಕೆಲವು ಪ್ರೌಢಶಾಲೆಗಳು ಕೂಡಿ ನಡೆಸಿದ ಹತ್ತನೆಯ ಇಯತ್ತೆಯ ಜಂಟಿ ಪೂರ್ವಪರೀಕ್ಷೆಯಲ್ಲಿ ಭೌತಶಾಸ್ತ್ರದ ಪತ್ರಿಕೆಗಳನ್ನು ತಿದ್ದುವ ಕೆಲಸ ಹೋದ ರವಿವಾರ ಮುಗಿಯಿತು. ಮೂವತ್ತೈದಕ್ಕಿಂತ ಕಡಿಮೆ ಅಂಕ ಬಿದ್ದವರ ಫಾರ್ಮು ಪಬ್ಲಿಕ್ ಪರೀಕ್ಷೆಗೆ ಹೋಗುವುದಿಲ್ಲ. ಅಂಕಪಟ್ಟಿ ನಾಳೆ ಹನ್ನೆರಡು ಗಂಟೆಗೆ ಮುಚ್ಚುತ್ತದೆ.

ಮಾನ್ಯರೇ,

ಎರಡು ಹಾಳೆ, ಅವನ್ನು ಕೂಡಿಸಿ ಚುಚ್ಚಿದ ಒಂದು ಟಾಚಣಿ, ತಲೆಯ ಮೇಲೆ ‘ಗೋಪ್ಯ’ ಎಂಬ ನೇರಳೆ ಮುದ್ರೆ, ಇಷ್ಟರೊಳಗೇ ಅಡಕವಾಗಿರುವ ತಮ್ಮ ಸರ್ವಜ್ಞತೆಗೆ ಮೊದಲು ಕೈಮುಗಿಯುತ್ತೇನೆ. ತಾವು ಸೈಕ್ಲೋಸ್ಟೈಲ್ ಯಂತ್ರದಿಂದ ಹೊರಬಂದು ಇನ್ನೂ ಹದಿನೈದು ದಿನ ತುಂಬಿಲ್ಲ, ಮುಟ್ಟಿದವರ ಬೆರಳಿಗೆ ಶಾಯಿ ಅಂಟುವ ವಯಸ್ಸು. ಆದರೂ ನಮ್ಮ ಹನ್ನೊಂದು ಜನ ಪರೀಕ್ಷಕರಲ್ಲಿ ತಲೆ ನರೆತವರು ಸಹಿತ ತಮ್ಮೆದುರು ಬಾಯಿ ತೆರೆಯಲಿಲ್ಲ. ತಮ್ಮ ಎರಡನೆಯ ಪುಟಕ್ಕೆ ಬಂದಾಗಲಂತೂ ಹನ್ನೊಂದೂ ತಲೆಗಳು ಎಡ ಹೆಗಲಿನ ಕಡೆಗೆ ಒಟ್ಟಿಗೆ ಬಾಗುತ್ತಿದ್ದವು. ಬಾಗಿಲಲ್ಲಿ ನಿಂತು ನೋಡಿದವರು ಅದನ್ನು ಭಕ್ತಿ ಎಂದೇ ತಿಳಿದಿರಬೇಕು.

ಗೋಪ್ಯರಾದ ತಮಗೆ ಬಹಿರಂಗವಾಗಿ ಬರೆಯುವುದು ಮರ್ಯಾದೆಯಲ್ಲವೆಂಬುದನ್ನು ಬಲ್ಲೆ. ಆದರೆ ಗೋಪ್ಯರಾದವರಿಗೆ ಮುಚ್ಚಿದ ಲಕೋಟೆಯಲ್ಲಿ ಬರೆದರೆ ಆ ಪತ್ರ ತಮ್ಮ ಸಂಗಡವೇ ಕಪಾಟು ಸೇರಿ ಬೀಗ ಬೀಳುತ್ತದೆ. ಕಪಾಟಿನ ಬೀಗದ ಕೈ ಮುಖ್ಯ ಪರೀಕ್ಷಕರ ಜನಿವಾರಕ್ಕೆ ಕಟ್ಟಿದೆ. ಆದ್ದರಿಂದ ಇದನ್ನು ಶಿಕ್ಷಕರ ಕೊಠಡಿಯ ಫಲಕಕ್ಕೆ ಹಚ್ಚುವವನಿದ್ದೇನೆ. ತಮಗೆ ಓದಲು ಬಿಡುವಾಗದಿದ್ದರೆ ಚಹಾ ತರುವವರಾದರೂ ಓದಲಿ.

ತಮ್ಮ ಏಳನೆಯ ಪ್ರಶ್ನೆಯನ್ನು ನಾನು ಮೊದಲು ಮನಸಾರೆ ಹೊಗಳಬೇಕು. ‘ಅ’ ಎಂಬ ಊರಿಗೂ ‘ಬ’ ಎಂಬ ಊರಿಗೂ ಅರವತ್ತು ಕಿಲೋಮೀಟರು. ಬೆಳಿಗ್ಗೆ ಎಂಟಕ್ಕೆ ‘ಅ’ದಿಂದ ಒಂದು ಬಸ್ಸು ತಾಸಿಗೆ ನಲವತ್ತು ಕಿಲೋಮೀಟರಿನಂತೆ ಹೊರಡುತ್ತದೆ, ಅರ್ಧ ತಾಸು ಓಡಿ, ಅರ್ಧ ತಾಸು ನಿಂತು, ಮತ್ತೆ ಅದೇ ವೇಗದಲ್ಲಿ ಮುಂದುವರಿಯುತ್ತದೆ. ಅದೇ ಎಂಟಕ್ಕೆ ‘ಬ’ದಿಂದ ಒಬ್ಬ ಸೈಕಲ್ ಸವಾರ ತಾಸಿಗೆ ಹತ್ತರಂತೆ ಎದುರು ಬರುತ್ತಾನೆ. ಇಬ್ಬರೂ ಎಲ್ಲಿ, ಯಾವಾಗ ಸಂಧಿಸುತ್ತಾರೆ? ಇಂಥ ಬಸ್ಸನ್ನು ನಾನು ನಮ್ಮ ಭಾಗದಲ್ಲಿ ಕಂಡಿಲ್ಲ. ಅದು ಎಂಟಕ್ಕೆಂದರೆ ಎಂಟಕ್ಕೇ ಹೊರಡುತ್ತದೆ, ಕೈ ತೋರಿಸಿದವರಿಗೆ ನಿಲ್ಲುವುದಿಲ್ಲ, ಅದರ ಮೇಲೆ ಯಾರ ಮೆಣಸಿನಕಾಯಿ ಚೀಲವೂ ಇಲ್ಲ, ಅರ್ಧ ತಾಸು ನಿಲ್ಲುತ್ತೇನೆಂದರೆ ಮೂವತ್ತೊಂದನೆಯ ನಿಮಿಷ ನಿಲ್ಲುವುದಿಲ್ಲ. ಇಂಥ ಸಾರಿಗೆಯನ್ನು ಒದಗಿಸಿದ್ದಕ್ಕಾಗಿ ಪ್ರಯಾಣಿಕರ ಪರವಾಗಿ ತಮಗೆ ನಾನು ಋಣಿ.

ಆರು ಅಂಕಗಳನ್ನು ತಾವು ಹಂಚಿದ ರೀತಿಯೂ ಹಾಗೆಯೇ ನಿಷ್ಪಕ್ಷಪಾತವಾದದ್ದು. ಸೂತ್ರ ಬರೆದದ್ದಕ್ಕೆ ಒಂದು, ಬೆಲೆ ತುಂಬಿದ್ದಕ್ಕೆ ಎರಡು, ನಕ್ಷೆಗೆ ಎರಡು, ಏಕಮಾನ ಸಹಿತ ಉತ್ತರಕ್ಕೆ ಒಂದು. ನಕ್ಷೆಯಲ್ಲಿ ಕಾಲ ಅಡ್ಡಕ್ಕೆ, ದೂರ ಉದ್ದಕ್ಕೆ, ನಿಲುಗಡೆ ಮಲಗಿದ ಗೆರೆ. ಅಡಿಯಲ್ಲಿ ಒಂದು ಸೂಚನೆ: ಸೂತ್ರ, ಸರಿಯಾದ ನಕ್ಷೆ ಇವೆರಡರಲ್ಲಿ ಒಂದೂ ಇಲ್ಲದಿದ್ದರೆ ಬರಿಯ ಉತ್ತರಕ್ಕೆ ಅಂಕವಿಲ್ಲ. ನಕಲು ಮಾಡುವವರನ್ನು ತಡೆಯಲು ಈ ಸೂಚನೆ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ.

ತಮ್ಮ ಈ ನ್ಯಾಯಕ್ಕೆ ಒಳ್ಳೆಯ ಉದಾಹರಣೆ ಸವದತ್ತಿಯ ವಿದ್ಯಾರ್ಥಿ ರಘೋತ್ತಮ. ಅವನ ಮನೆಯಲ್ಲಿ ನಾಲ್ಕು ತಲೆಮಾರಿನ ಪಾಂಡಿತ್ಯವಿದೆ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಸೂತ್ರ ಬರೆದ, ಅದರ ಸುತ್ತ ಚೌಕಟ್ಟು ಹಾಕಿದ. ಬೆಲೆ ತುಂಬಿದ. ನಕ್ಷೆಗೆ ತಲೆಬರಹ ಕೊಟ್ಟು, ಅಕ್ಷಗಳ ತುದಿಗೆ ಬಾಣ ಮೂಡಿಸಿ, ನಿಲುಗಡೆಯನ್ನು ತಾವು ಬಯಸಿದಂತೆಯೇ ಮಲಗಿಸಿದ. ಕೊನೆಗೆ ಗುಣಾಕಾರದಲ್ಲಿ ಎಲ್ಲೋ ಕಾಲು ಜಾರಿ, ಬಸ್ಸೂ ಸೈಕಲ್ಲೂ ‘ಅ’ದಿಂದ ಎಪ್ಪತ್ತನಾಲ್ಕು ಕಿಲೋಮೀಟರಿನಲ್ಲಿ ಸಂಧಿಸುತ್ತವೆಂದು ಬರೆದು ಅಡಿಗೆರೆ ಎಳೆದ. ದಾರಿ ಇರುವುದೇ ಅರವತ್ತು. ಅಂದರೆ ಬಸ್ಸು ‘ಬ’ ಊರನ್ನು ಹೊಕ್ಕು, ಪೇಟೆ ದಾಟಿ, ಹೊಲಗಳಲ್ಲಿ ಹದಿನಾಲ್ಕು ಕಿಲೋಮೀಟರು ಹೋಗಿ, ಅಲ್ಲಿ ತನ್ನ ಬೆನ್ನ ಹಿಂದಿರುವ ಸೈಕಲ್ ಸವಾರನನ್ನು ಎದುರುಗೊಂಡಿತು. ತಮ್ಮ ಅಪ್ಪಣೆಯಂತೆ ಆರಕ್ಕೆ ಐದು ಕೊಟ್ಟೆ. ಕಳೆದುಕೊಂಡ ಒಂದು ಅಂಕಕ್ಕಾಗಿ ಅವನ ತಂದೆ ಈಗಾಗಲೇ ಒಂದು ಅರ್ಜಿ ಕೊಟ್ಟಿದ್ದಾರೆಂದು ಕೇಳಿದ್ದೇನೆ.

ಉಳಿದವರೂ ಅವರವರ ಶಕ್ತ್ಯನುಸಾರ ತಮ್ಮ ಬಸ್ಸನ್ನು ಓಡಿಸಿದರು. ಕಿತ್ತೂರಿನ ಹೆದ್ದಾರಿಯ ಮಗ್ಗುಲಲ್ಲಿ ಮನೆಯಿರುವ ಸಂಗಪ್ಪ ಬಸ್ಸಿನ ಚಿತ್ರವನ್ನೇ ಬರೆದಿದ್ದ; ಹಿಂದಿನ ಏಣಿ, ಮೇಲಿನ ಟೈರು, ಚಾಲಕನ ಬಾಗಿಲಿನ ಹಿಡಿಕೆ ಎಲ್ಲ ಯಥಾವತ್ತು. ಅಷ್ಟು ಬರೆಯುವುದರಲ್ಲಿ ಹೊತ್ತು ಮುಗಿದು ಬಸ್ಸು ‘ಅ’ ಊರಿನ ನಿಲ್ದಾಣದಲ್ಲೇ ಉಳಿಯಿತು. ಸಾಲಹಳ್ಳಿಯ ಒಕ್ಕಲುತನದ ಮನೆಯ ಒಬ್ಬ ಹುಡುಗ ಗೆರೆಯನ್ನೂ ಸೂತ್ರವನ್ನೂ ಬಿಟ್ಟು ಒಂದು ಕೋಷ್ಟಕ ಮಾಡಿ, ಐದೈದು ನಿಮಿಷಕ್ಕೆ ಒಂದರಂತೆ ಇಬ್ಬರನ್ನೂ ನಡೆಸುತ್ತ ಬಂದು, ಒಂಬತ್ತು ಮೂವತ್ತೈದಕ್ಕೆ ಇನ್ನೂ ಕೂಡಿಲ್ಲ, ಒಂಬತ್ತು ನಲವತ್ತಕ್ಕೆ ದಾಟಿ ಹೋದರು, ನಡುವೆ ಎಲ್ಲೋ ಭೇಟಿಯಾಗಿದೆ ಎಂದು ಬರೆದು ನಿಲ್ಲಿಸಿದ್ದ. ಪಂಚಾಯಿತಿಯಲ್ಲಿ ಸಾಕ್ಷಿ ಹೇಳುವವರ ಈ ಎಚ್ಚರಿಕೆಗೆ ತಮ್ಮಲ್ಲಿ ಅಂಕವಿರಲಿಲ್ಲ. ಇರಲಿ.

ಈಗ ನನ್ನ ದೂರು.

ನಾನು ಹೇಳಹೊರಟದ್ದು ರಾಮದುರ್ಗದಿಂದ ಬಂದ ಒಂದು ಪತ್ರಿಕೆಯ ಸಂಗತಿ. ಎಲ್ಲ ಪತ್ರಿಕೆಗಳಂತೆ ಅದರ ಮೇಲೂ ಆಗ ನಂಬರು ಮಾತ್ರ ಇತ್ತು. ಹೆಸರು ಕೃಷ್ಣವ್ವ ಎಂದು ಆಮೇಲೆ ತಿಳಿಯಿತು. ಏಳನೆಯ ಪ್ರಶ್ನೆಗೆ ಅವಳು ಸೂತ್ರ ಬರೆದಿರಲಿಲ್ಲ. ಚೌಕಳಿ ಹಾಳೆಯ ಮೇಲೆ ಕೆಂಪು ಪೆನ್ಸಿಲಿನ ಒಂದು ಗೆರೆ, ನೀಲಿ ಪೆನ್ಸಿಲಿನ ಒಂದು ಗೆರೆ, ಅಡಿಯಲ್ಲಿ ಒಂದೇ ಸಾಲು: ಒಂಬತ್ತು ಗಂಟೆ ಮೂವತ್ತಾರು ನಿಮಿಷಕ್ಕೆ, ‘ಅ’ ಊರಿನಿಂದ ನಲವತ್ತನಾಲ್ಕು ಕಿಲೋಮೀಟರಿನಲ್ಲಿ. ತಮ್ಮ ಉತ್ತರವೂ ಅದೇ. ಆದರೆ ಅವಳ ನಿಲುಗಡೆಯ ಗೆರೆ ಮಲಗಿರಲಿಲ್ಲ, ನೆಟ್ಟಗೆ ನಿಂತಿತ್ತು. ನೀಲಿ ಗೆರೆ ಬಲದಿಂದ ಎಡಕ್ಕೆ ವಾಲಿಕೊಂಡು ಏರಿತ್ತು. ಕಾಲವನ್ನು ಅಡ್ಡಕ್ಕೆ ಹಿಡಿದು ಓದಿದರೆ ಅದರ ಅರ್ಥ ವಿಚಿತ್ರವಾಗುತ್ತದೆ. ನಾನು ತಮ್ಮ ವಿಧೇಯನಾಗಿ ಹಾಗೆಯೇ ಓದಿದೆ, ಮತ್ತು ಕೆಂಪು ಶಾಯಿಯಲ್ಲಿ ಹೀಗೆ ಬರೆದೆ: ‘ಬಸ್ಸು ನಿಂತಿರುವಾಗ ಅನಂತ ವೇಗ! ಸೈಕಲ್ ಸವಾರ ಹೊರಡುವ ಮೊದಲೇ ತಲುಪಿದ್ದಾನೆ!’ ಎರಡು ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕಿದ್ದು ನಾನೇ. ತಾವು ಕೇಳಿರಲಿಲ್ಲ. ಅದನ್ನು ಕೋಣೆಗೆಲ್ಲ ಕೇಳುವಂತೆ ಓದಿದ್ದೂ ನಾನೇ. ಹನ್ನೊಂದು ಜನ ನಕ್ಕರು, ಅಷ್ಟರಲ್ಲಿ ಚಹಾ ಬಂತು, ಆರಕ್ಕೆ ಸೊನ್ನೆ ಹಾಕಿ ಹಾಳೆ ಮಗುಚಿದೆ. ಎಲ್ಲ ಕೂಡಿಸಿದಾಗ ಅವಳಿಗೆ ಮೂವತ್ತೆರಡಾಯಿತು.

ಬುಧವಾರ ತಿದ್ದಿದ ಪತ್ರಿಕೆಗಳ ಕಟ್ಟನ್ನು ರಾಮದುರ್ಗದ ಶಾಲೆಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಮುರಗೋಡದಲ್ಲಿ ಬಸ್ಸು ನಿಂತಿತು. ಕಂಡಕ್ಟರು “ಹತ್ತ ಮಿನಿಟ್ರಿ” ಎಂದು ಇಳಿದು ಹೋದವನು ಅರ್ಧ ತಾಸು ಬರಲಿಲ್ಲ. ತಮ್ಮ ಪ್ರಶ್ನೆ ನೆನಪಾಗಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ನಿಂತ ಬಸ್ಸು ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡಿದೆ. ಅದು ಅಡ್ಡಕ್ಕೂ ಹೋಗುತ್ತಿರಲಿಲ್ಲ, ಮೇಲಕ್ಕೂ ಹೋಗುತ್ತಿರಲಿಲ್ಲ. ಮುರಗೋಡದಲ್ಲಿ ಇತ್ತು, ಅಷ್ಟೇ. ಗೆರೆಯನ್ನು ಯಾವ ಕಡೆಗೆ ಎಳೆಯಬೇಕೆಂಬುದು ಬಸ್ಸಿನ ಮಾತಲ್ಲ, ಎಳೆಯುವವರ ಮಾತು ಎಂಬ ಅನುಮಾನ ಮೊದಲು ಬಂದದ್ದು ಅಲ್ಲಿ. ಅನುಮಾನವನ್ನು ನಾನು ಬೆಳೆಯಗೊಡಲಿಲ್ಲ, ಕೈಯಲ್ಲಿ ಒಂದು ಕಾದಂಬರಿಯಿತ್ತು.

ರಾಮದುರ್ಗದ ಶಾಲೆಯಲ್ಲಿ, ಪತ್ರಿಕೆಗಳು ಆ ದಿನ ಬರುತ್ತವೆಂದು ತಿಳಿದು, ಆ ಹುಡುಗಿ ತನ್ನ ತಂದೆಯನ್ನು ಕರೆದುಕೊಂಡು ಬಂದು ಕಾದು ನಿಂತಿದ್ದಳು. ತಂದೆ ಯಮನಪ್ಪ, ಸೀರೆ ನೇಯುವವರು, ಹೆಬ್ಬೆಟ್ಟಿನವರು. ಮಗಳ ಉತ್ತರಪತ್ರಿಕೆಯನ್ನು ಕೈಗೆ ಕೊಟ್ಟಾಗ ಅಕ್ಷರವಿದ್ದ ಪುಟಗಳನ್ನೆಲ್ಲ ಮರ್ಯಾದೆಯಿಂದ ದಾಟಿಸಿ, ಚೌಕಳಿ ಹಾಳೆ ಬಂದಾಗ ನಿಂತರು. ಅವರ ಮುಖ ಒಮ್ಮೆಲೇ ಅಕ್ಷರಸ್ಥರ ಮುಖವಾಯಿತು. ಅವರು ಹೇಳಿದ್ದನ್ನು ನಾನು ಕೂಡಿಸದೆ ಕಳೆಯದೆ ಬರೆಯುತ್ತೇನೆ, ತಾವು ಎಂದೂ ಇಂಥ ಮೌಲ್ಯಮಾಪನವನ್ನು ಕೇಳಿರಲಾರಿರಿ.

“ಇದೇನ್ರಿ ಸರ, ನಮ್ಮ ಹುಡುಗಿ ಸೀರಿ ದಡಿ ನಕ್ಷಿ ಬರದಾಳಲ್ಲ! ಕೆಂಪೆಳಿ ನೋಡ್ರಿ, ಐದ ಸಾಲ ನಾಕ ನಾಕ ಮನಿ ಸರದೇತಿ. ಆಮ್ಯಾಲ ಐದ ಸಾಲ ಅಲ್ಲೇ ನಿಂತೇತಿ. ಮತ್ತ ಹೊಂಟೇತಿ. ನೀಲಿ ಎಳಿ ಆ ಕಡಿಂದ ಒಂದೊಂದ ಮನಿ ಬರಾಕ ಹತ್ತೇತಿ. ಹದಿನಾರನೇ ಸಾಲಿಗೆ ಎರಡೂ ಕೂಡ್ಯಾವ. ಎಳಿ ಎಲ್ಲೂ ತಪ್ಪಿಲ್ಲ. ಆದರ ಇದು ಯಾವ ನಕ್ಷಿವಾ? ಹೂವಲ್ಲ, ಗೋಪರ ಅಲ್ಲ.”

ಹುಡುಗಿ ಮೆಲ್ಲಗೆ ಹೇಳಿದಳು: “ಕೆಂಪಂದು ಬಸ್ಸಪ್ಪಾ. ನೀಲಿಂದು ಸೈಕಲ್ಲು.”

“ಹೌದಾ? ಮತ್ತ ಬಸ್ಸು ಐದ ಸಾಲ ಚಾ ಕುಡ್ಯಾಕ ನಿಂತಿತ್ತೇನು?” ಎಂದು ಅವರು ನಕ್ಕರು.

ಐದು ಸಾಲೆಂದರೆ, ಮಾನ್ಯರೇ, ಒಂದಕ್ಕೆ ಆರರಂತೆ ಮೂವತ್ತು ನಿಮಿಷ. ಹದಿನಾರು ಸಾಲೆಂದರೆ ತೊಂಬತ್ತಾರು ನಿಮಿಷ, ಎಂಟರಿಂದ ಎಣಿಸಿದರೆ ಒಂಬತ್ತು ಮೂವತ್ತಾರು. ಅಕ್ಷರ ಬಾರದ ಮನುಷ್ಯ, ಪ್ರಶ್ನೆ ಏನೆಂದು ಗೊತ್ತಿಲ್ಲದೆಯೇ, ಒಂದು ಉಸಿರಿನಲ್ಲಿ ಉತ್ತರವನ್ನು ಓದಿ ನಿಲುಗಡೆಗೆ ಕಾರಣವನ್ನೂ ಕೊಟ್ಟರು. ಆಮೇಲೆ ಅವರ ಬೆರಳು ನನ್ನ ಕೆಂಪು ಶಾಯಿಯ ಮೇಲೆ ಬಂದು ನಿಂತಿತು. ಇಲ್ಲಿ ಏನು ಬರೆದಿದೆ ಎಂದು ಮಗಳನ್ನು ಕೇಳಿದರು.

“ಬಸ್ಸು ನಿಂತಾಗ ಭಾಳ ಜೋರ ಓಡೇತಿ ಅಂತ ಬರದಾರಪ್ಪಾ.”

ಯಮನಪ್ಪ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಯಾರ್ರಿ ಸರ ಇದನ್ನ ಬರದವರು?”

ಪರೀಕ್ಷಕರು ಎಂದೆ. ಇದು ಸುಳ್ಳಲ್ಲ ಎಂಬುದನ್ನು ತಾವು ಗಮನಿಸಬೇಕು. ತಮ್ಮ ಸೇವೆಯಲ್ಲಿ ಇದ್ದು ನಾನು ಕಲಿತದ್ದು ಇಂಥ ನಿಖರತೆಯನ್ನೇ.

“ಅವರ್ನ ಎಂದೂ ಮಗ್ಗದ ಮುಂದ ಕುಂದರಸಬ್ಯಾಡ್ರಿ. ನೂಲು ಹಾಳ ಆಕ್ಕೈತಿ” ಎಂದರು ಯಮನಪ್ಪ.

ಹುಡುಗಿ ನಗಲಿಲ್ಲ. ಅವಳು ಹಾಳೆಯನ್ನು ತಂದೆಯ ಕೈಯಿಂದ ತೆಗೆದುಕೊಂಡು ನನ್ನ ಮುಂದೆ ಹಿಡಿದು, ಅಂಚಿನ ಮೇಲೆ ಉಗುರಿಟ್ಟು ತೋರಿಸಿದಳು. “ಸರ, ನಾ ಇಲ್ಲಿ ಬರದೇನ್ರಿ. ಕೆಳಗ ದಾರಿ, ಬಾಜೂಕ ಹೊತ್ತು. ನಮ್ಮ ಮನ್ಯಾಗ ಹೊತ್ತು ಕೆಳಗಿಂದ ಮ್ಯಾಲ ಹೋಗತೈತ್ರಿ. ಒಂದ್ ಸಲ ಲಾಳಿ ಹಾದ್ರ ಒಂದ್ ಸಾಲ ಮ್ಯಾಲ. ನಿಮ್ಮ ಕಡೆ ಎಡಕಿಂದ ಬಲಕ ಹೋಗತೈತೇನ್ರಿ?”

ಬರೆದಿತ್ತು. ಸಣ್ಣ ಅಕ್ಷರ, ಆದರೆ ಸ್ಪಷ್ಟ: ಕೆಳಗಿನ ಅಂಚಿಗೆ ‘ದಾರಿ, ಒಂದು ಮನೆಗೆ ೧ ಕಿ.ಮೀ.’, ಎಡ ಅಂಚಿಗೆ ‘ಹೊತ್ತು, ಒಂದು ಸಾಲಿಗೆ ೬ ನಿಮಿಷ’. ಆರು ನಿಮಿಷಕ್ಕೆ ಬಸ್ಸು ಸರಿಯಾಗಿ ನಾಲ್ಕು ಮನೆ, ಸೈಕಲ್ಲು ಸರಿಯಾಗಿ ಒಂದು ಮನೆ ಸರಿಯುತ್ತವೆ. ಈ ಅಳತೆ ಹಿಡಿದರೆ ಭಿನ್ನರಾಶಿಯ ಗೊಡವೆಯೇ ಇಲ್ಲ. ಯಾವ ಅಳತೆಗೆ ಎಳೆಗಳು ತುಂಡಾಗದೆ ಕೂಡುತ್ತವೆ ಎಂಬುದನ್ನು ಅವಳು ಗೆರೆ ಎಳೆಯುವ ಮೊದಲೇ ಹುಡುಕಿಕೊಂಡಿದ್ದಳು. ಇದನ್ನು ನಾನು ಹನ್ನೊಂದು ವರ್ಷದಿಂದ ಕಲಿಸಲು ಪ್ರಯತ್ನಿಸುತ್ತಿದ್ದೇನೆ.

ಅವಳಿಗೆ ಬೇಕಾದದ್ದು ಮೂರು ಅಂಕ. ಅದು ಬೀಳದಿದ್ದರೆ ಏನಾಗುತ್ತದೆಂದು ಯಮನಪ್ಪ ಸಿಟ್ಟಿಲ್ಲದೆ ತಿಳಿಸಿದರು. ಮನೆಯಲ್ಲಿ ಎರಡು ಮಗ್ಗ, ಅಜ್ಜಿ ಕೂಡುತ್ತಿದ್ದ ಎರಡನೆಯದು ಶ್ರಾವಣದಿಂದ ಖಾಲಿ. “ಫಾರ್ಮು ಹೋತಂದ್ರ ಪರೀಕ್ಷಾ ಮುಗಿಯೂತನಕ ಮಗ್ಗ ಖಾಲಿ ಇರಲಿ ಅಂತ ಮಾತ ಕೊಟ್ಟೇನ್ರಿ. ಹೋಗಲಿಲ್ಲಂದ್ರ ಸಂಕ್ರಾಂತಿ ಮರುದಿನ ಹಾಸು ಹೂಡತೇನಿ, ಆಕಿ ಕುಂದರತಾಳ. ಹೂಡಿದ ಮ್ಯಾಲ ನಡುವ ಎಬ್ಬಸಾಕ ಬರೂದಿಲ್ರಿ, ಎಳಿ ಸಡಲ ಬೀಳತಾವ.” ಸಂಕ್ರಾಂತಿ ಸೋಮವಾರ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು; ಒಂದು ಹಾಸು ಮುಗಿದ ಮೇಲೆ ಇನ್ನೊಂದು ಹಾಸು ಬರುತ್ತದೆ. ಅವಳ ಅಜ್ಜಿ ಒಂದೇ ಹಾಸಿನ ಮಟ್ಟಿಗೆ ಎಂದು ಕೂತವರು ಐವತ್ತು ವರ್ಷ ಕೂತರಂತೆ.

ಈ ಸಂಕಟದಲ್ಲಿ ತಮ್ಮ ಘನತೆಗೆ ಕುಂದು ಬಾರದಂತೆ ಒಂದು ದಾರಿ ಇದೆಯೆಂದು ನನಗೆ ತೋರುತ್ತದೆ. ಹುಡುಗಿಯನ್ನು ತಿದ್ದುವುದಕ್ಕಿಂತ ಜಗತ್ತನ್ನು ತಿದ್ದುವುದು ತಮಗೆ ಹಗುರ. ದಯಮಾಡಿ ರಾಮದುರ್ಗದ ಎಲ್ಲ ಮಗ್ಗಗಳಿಗೆ, ಇನ್ನು ಮುಂದೆ ಬಟ್ಟೆ ಎಡದಿಂದ ಬಲಕ್ಕೆ ಬೆಳೆಯತಕ್ಕದ್ದು ಎಂದು ಒಂದು ಸುತ್ತೋಲೆ ಹೊರಡಿಸಬೇಕು. ಗೋಡೆ ಕಟ್ಟುವವರು ದಿನಕ್ಕೆ ಒಂದು ಸಾಲು ಮಣ್ಣು ಮೇಲೆ ಮೇಲೆ ಇಡುವುದನ್ನು ಬಿಟ್ಟು ಪಕ್ಕಕ್ಕೆ ಇಡುತ್ತ ಹೋಗಬೇಕು. ಮನೆ ಆಗದಿದ್ದರೂ ನಕ್ಷೆ ಸರಿಹೋಗುತ್ತದೆ. ಬಣವೆಗಳು ಉದ್ದಕ್ಕೆ ಏರಬಾರದು. ನವಿಲುತೀರ್ಥದ ಅಣೆಕಟ್ಟಿನ ನೀರು ಮಳೆಗಾಲದಲ್ಲಿ ದಿನದಿನಕ್ಕೆ ಮೇಲೇರುವ ಅಭ್ಯಾಸವನ್ನು ಇಟ್ಟುಕೊಂಡಿದೆ, ಅದಕ್ಕೂ ಒಂದು ತಾಕೀತು ಹೋಗಲಿ. ಮಕ್ಕಳು ವರ್ಷ ವರ್ಷಕ್ಕೆ ಬಾಗಿಲ ಚೌಕಟ್ಟಿನ ಮೇಲೆ ತಮ್ಮ ಎತ್ತರದ ಗುರುತು ಮಾಡುವುದನ್ನು ನಾನು ಕಂಡಿದ್ದೇನೆ. ಇನ್ನು ಮೇಲೆ ಅವರು ಅಡ್ಡಡ್ಡ ಬೆಳೆಯಲಿ. ಇದಿಷ್ಟು ಮಾರ್ಚ್ ತಿಂಗಳೊಳಗೆ ಜಾರಿಗೆ ಬಂದರೆ ಕೃಷ್ಣವ್ವನಂಥವರು ತಪ್ಪು ಕಲಿಯುವ ಪ್ರಸಂಗವೇ ಬರುವುದಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ನಿವೇದಿಸಬೇಕು. ನಾನು ಕಾದಂಬರಿಗಳನ್ನು ಅನುವಾದದಲ್ಲಿ ಓದುವವನು. ಕಂಡರಿಯದ ಹಿಮ, ಕುಡಿದರಿಯದ ಪಾನೀಯ, ನಾಲಿಗೆ ತಿರುಗದ ಹೆಸರು, ಎಲ್ಲವನ್ನೂ ಬೈಲಹೊಂಗಲದ ಒಂದು ಕಿಟಕಿಯ ಪಕ್ಕದಲ್ಲಿ ಕೂತು ಕನ್ನಡದಲ್ಲಿ ನಂಬಿದ್ದೇನೆ. ಮೂಲದಲ್ಲಿ ವಾಕ್ಯದ ನಡುವೆ ಇದ್ದ ಕ್ರಿಯಾಪದ ಕನ್ನಡಕ್ಕೆ ಬಂದು ಕೊನೆಯಲ್ಲಿ ನಿಂತಿದೆಯೆಂದು ನಾನು ಯಾವ ಅನುವಾದಕನಿಗೂ ಸೊನ್ನೆ ಹಾಕಿಲ್ಲ. ಆ ಹೆಂಗಸು ಆ ಸ್ಟೇಶನ್ನಿನಲ್ಲಿ ಇಳಿದಳೇ, ಅವನು ಅಲ್ಲಿ ಇದ್ದನೇ, ಇಬ್ಬರೂ ಭೇಟಿಯಾದರೇ ಎಂಬುದನ್ನಷ್ಟೇ ಕೇಳಿದ್ದೇನೆ. ಬಸ್ಸು ಮತ್ತು ಸೈಕಲ್ಲಿನ ಭೇಟಿಯನ್ನು ಒಬ್ಬ ಹುಡುಗಿ ಮಗ್ಗದ ಭಾಷೆಗೆ ತಂದು, ಮೂಲಕ್ಕೆ ಒಂದು ನಿಮಿಷ, ಒಂದು ಮಾರು ವ್ಯತ್ಯಾಸವಾಗದಂತೆ ತಲುಪಿಸಿದಾಗ ಮಾತ್ರ ನಾನು ಕ್ರಿಯಾಪದ ಎಲ್ಲಿದೆ ಎಂದು ಕೇಳಿದೆ. ಈ ಓದುಗನನ್ನು ತಾವು ಹದಿನೈದು ದಿನದಲ್ಲಿ ತಯಾರು ಮಾಡಿದಿರಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಂಚಿನ ಅಕ್ಷರವನ್ನು ಓದಬಾರದೆಂದು ತಾವು ಎಲ್ಲಿಯೂ ವಿಧಿಸಿಲ್ಲ. ಇನ್ನೂ ಕಪಾಟಿಗೆ ಮರಳಿಸದ ನನ್ನ ಪ್ರತಿಯ ಎರಡು ಹಾಳೆಯನ್ನೂ ಇಂದು ಮತ್ತೆ ಓದಿ ನೋಡಿದೆ.

ನಿನ್ನೆ, ಗುರುವಾರ, ಸವದತ್ತಿಗೆ ಹೋಗಿ ಮುಖ್ಯ ಪರೀಕ್ಷಕರಾದ ದಿಗಂಬರ ಮಾಸ್ತರರನ್ನು ಕಂಡೆ. ತಮ್ಮನ್ನು ಬರೆದವರೂ ಅವರೇ, ಆದ್ದರಿಂದ ತಮ್ಮ ತಂದೆಯ ಸ್ಥಾನದಲ್ಲಿರುವವರು. ಪೂರ್ತಿ ಕೇಳಿಸಿಕೊಂಡರು, ಅವಲಕ್ಕಿ ಕೊಟ್ಟರು, ಆಮೇಲೆ ಹೇಳಿದರು: “ಸಾಲಿಮಠರ, ನೀವು ಕಾದಂಬರಿ ಓದಾವ್ರು, ಎಲ್ಲಾದ್ರಾಗೂ ಕಥಿ ಕಾಣತದ ನಿಮಗ. ಇವತ್ತ ಒಬ್ಬಾಕಿ ಸಲುವಾಗಿ ಹಾಳಿ ಹೊಳ್ಳಿಸಿ ನೋಡಿದ್ರ ನಾಳೆ ಎಲ್ಲಾರೂ ನಮ್ಮದೂ ಹೊಳ್ಳಿಸಿ ನೋಡ್ರಿ ಅಂತಾರ. ಕೊನಿಗೆ ಪರೀಕ್ಷಕರು ತಲಿಕೆಳಗ ಮಾಡಿ ನಿಲ್ಲಬೇಕಾಗ್ತದ.”

ಆಮೇಲೆ ದನಿ ಇಳಿಸಿ ಮುಂದುವರಿಸಿದರು: “ಮಾದರಿ ಉತ್ತರ ತಿದ್ದಲಿಕ್ಕೆ ಬರೂದಿಲ್ಲ, ಮುಗೀತು. ಅಂಕಪಟ್ಟಿ ತಿದ್ದಲಿಕ್ಕೆ ಬರತದ. ಆದ್ರ ಕಾರಣ ಬರೀಬೇಕು, ಅದಕ್ಕ ಎರಡೇ ಕಾರಣ ಅವ. ಒಂದು ಕೂಡಿಸೂದ್ರಾಗಿನ ತಪ್ಪು. ನಿಮ್ಮದು ಕೂಡಿಸಿದ್ದು ಸರಿ ಅದ, ನಾನೇ ನೋಡೇನಿ. ಇನ್ನೊಂದು, ಪರೀಕ್ಷಕನ ಅಲಕ್ಷ್ಯ. ಅದನ್ನ ಬರದು ಸಹಿ ಮಾಡಿದವರಿಗೆ ಎರಡು ವರ್ಷ ಪತ್ರಿಕಾ ಕೊಡೂದಿಲ್ಲ, ಹೆಡ್‌ಮಾಸ್ತರಿಗೂ ಒಂದು ಪತ್ರ ಹೋಗತದ. ಹನ್ನೊಂದು ವರ್ಷದಾಗ ನಿಮ್ಮ ಹೆಸರಿನ ಮುಂದ ಒಂದು ಕಾಟು ಇಲ್ಲ. ವಿಚಾರ ಮಾಡ್ರಿ. ಇನ್ನಷ್ಟು ಅವಲಕ್ಕಿ ಹಾಕಲ್ಯಾ?”

ವಿಚಾರ ಮಾಡಿದೆ. ಇದರಲ್ಲಿ ತಮ್ಮ ಔನ್ನತ್ಯವೇ ಮತ್ತೆ ಎದ್ದು ಕಾಣುತ್ತದೆ. ತಾವು ತಪ್ಪಲು ಸಾಧ್ಯವಿಲ್ಲ, ಏಕೆಂದರೆ ತಾವು ತಪ್ಪಿದರೆ ಬರೆಯಲು ಕಾಲಮ್ಮೇ ಇಲ್ಲ. ಹುಡುಗಿ ತಪ್ಪಬಹುದು, ಅವಳಿಗೆ ಇಡೀ ಅಂಕಪಟ್ಟಿ ಇದೆ. ಉಳಿದವನು ನಾನು. ನನ್ನ ಸಲುವಾಗಿ ಒಂದು ಇಕ್ಕಟ್ಟಾದ ಕಾಲಮ್ಮನ್ನು ತಾವು ಮೊದಲೇ ಗೆರೆ ಹಾಕಿ ಇಟ್ಟಿದ್ದೀರಿ. ಅದರೊಳಗೆ ಬರೆಯಬೇಕಾದ ಎರಡು ಶಬ್ದಗಳನ್ನು ಮೊದಲು ಅನ್ಯಾಯವೆಂದುಕೊಂಡೆ; ಇಡೀ ಬೆಳಿಗ್ಗೆ ಅವುಗಳಿಗೆ ಬದಲು ಬೇರೆ ಶಬ್ದ ಹುಡುಕಿದೆ. ನಿಖರವಾದದ್ದು ಬೇರೆ ಸಿಗಲಿಲ್ಲ. ಅಂಚಿನಲ್ಲಿ ಬರೆದದ್ದನ್ನು ಓದದೆ ಇದ್ದದ್ದಕ್ಕೆ ಕನ್ನಡದಲ್ಲಿ ಅಲಕ್ಷ್ಯ ಎಂದೇ ಹೇಳುತ್ತಾರೆ.

ಆದ್ದರಿಂದ ನಾಳೆ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಹನ್ನೆರಡಕ್ಕೆ ಮುಂಚೆ, ಪಟ್ಟಿ ಮುಚ್ಚಲು ಇಲ್ಲಿಗೆ ಬರುವ ದಿಗಂಬರ ಮಾಸ್ತರರಿಂದ ನಾನು ಅಂಕಪಟ್ಟಿಯನ್ನು ಕೇಳಿ ತೆಗೆದುಕೊಳ್ಳುವವನಿದ್ದೇನೆ. ಕೃಷ್ಣವ್ವನಿಗೆ ನಕ್ಷೆಗೆ ಎರಡು, ಏಕಮಾನ ಸಹಿತ ಉತ್ತರಕ್ಕೆ ಒಂದು, ಒಟ್ಟು ಮೂರು. ಸೂತ್ರ ಅವಳು ಬರೆದಿಲ್ಲ, ಅದರ ಅಂಕ ಕೊಡುವುದಿಲ್ಲ. ದಯೆಯಿಂದ ಕೊಟ್ಟರೆಂಬ ಮಾತು ಅವಳಿಗೆ ಬೇಡ, ಮೂವತ್ತೆರಡಕ್ಕೆ ಮೂರು ಕೂಡಿದರೆ ಸರಿಯಾಗಿ ಮೂವತ್ತೈದು. ಕಾರಣದ ಕಾಲಮ್ಮಿನಲ್ಲಿ ಆ ಎರಡು ಶಬ್ದ, ಅದರ ಮುಂದೆ ನನ್ನ ಪೂರ್ತಿ ಹೆಸರು. ಆಮೇಲೆ ಒಂದೂವರೆಯ ಬಸ್ಸಿಗೆ ರಾಮದುರ್ಗಕ್ಕೆ ಹೋಗಿ, ಕೆಂಪು ಶಾಯಿಯಲ್ಲಿ ಬರೆದವರು ಯಾರೆಂದು ಯಮನಪ್ಪನವರು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನು, ಸೂತ್ರವಿಲ್ಲದೆ, ಅವರ ಮಗ್ಗದ ಮುಂದೆ ನಿಂತು ಹೇಳಬೇಕೆಂದಿದ್ದೇನೆ. ಪೆನ್ನಿಗೆ ಶಾಯಿ ತುಂಬಿಟ್ಟಾಗಿದೆ.

ತಮ್ಮ ಹಾಗೂ ತಮ್ಮ ಪೂರ್ವಜರ ಮಾತನ್ನು ಹನ್ನೊಂದು ವರ್ಷ ಮೀರದ, ಇನ್ನೊಂದು ದಿನ ಮಾತ್ರ

ತಮ್ಮ ವಿಶ್ವಾಸಿ,
ಬಸಯ್ಯ ಸಾಲಿಮಠ
ಸಹಾಯಕ ಶಿಕ್ಷಕ, ಬೈಲಹೊಂಗಲ

ತಾ.ಕ.: ಸಹಿ ಮಾಡಿದ ಮೇಲೆ ಕಣ್ಣಿಗೆ ಬಿದ್ದ ಒಂದು ಸಂಗತಿ. ತಮ್ಮ ಎರಡನೆಯ ಪುಟದ ನಕ್ಷೆ ಕಾಗದದ ಅಗಲಕ್ಕೆ ಸಾಲದ್ದರಿಂದ ಅದನ್ನು ಎಡಕ್ಕೆ ಹೊಳ್ಳಿಸಿ ಅಡ್ಡ ಮುದ್ರಿಸಿದ್ದಾರೆ. ನಮ್ಮ ಹನ್ನೊಂದು ಕತ್ತುಗಳು ಎರಡು ದಿನ ವಾಲಿದ್ದು ಅದಕ್ಕಾಗಿಯೇ, ಭಕ್ತಿಗಲ್ಲ. ಹಾಳೆಯನ್ನು ಈಗ ಮೇಜಿನ ಮೇಲೆ ನೆಟ್ಟಗೆ ಇಟ್ಟುಕೊಂಡು, ಕತ್ತು ವಾಲಿಸದೆ ನೋಡುತ್ತಿದ್ದೇನೆ. ತಮ್ಮಲ್ಲಿ ಕಾಲ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ತಮ್ಮ ಬಸ್ಸು ಅರ್ಧ ತಾಸು ನೆಟ್ಟಗೆ ನಿಂತಿದೆ. ತಮಗೆ ಪೂರ್ತಿ ಅಂಕ ಕೊಟ್ಟವರು ನಾವೇ. ನಾಳೆ ಅಂಕಪಟ್ಟಿಯ ಪಕ್ಕದಲ್ಲಿ ತಮ್ಮ ಈ ಪುಟವನ್ನೂ ದಿಗಂಬರ ಮಾಸ್ತರರ ಮುಂದೆ ಇಡುತ್ತೇನೆ, ಹೊಳ್ಳಿಸದೆ.